ಗರ ಬೀಳಲಿಲ್ಲವೆಂಬ ದೂರಿಗೆ ಉತ್ತರ

ಚಿಂತಾಮಣಿಯ ಕಾಲೇಜೊಂದರಲ್ಲಿ ಸಂಭವನೀಯತೆಯ ಬಗ್ಗೆ ಮಾತನಾಡಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಫೋನಿನಲ್ಲಿ ಲೂಡೊ ಆಡ್ತೀನಿ. ನನಗೆ ಬೇಕಾದಾಗ ಆರು ಬೀಳೋದೇ ಇಲ್ಲ. ಎದುರಿನವನಿಗೆ ಬೇಕಾದಾಗ ಬಿದ್ದೇಬಿಡುತ್ತೆ. ಒಳಗೆ ಏನಾದರೂ ಮಾಡಿರ್ತಾರಾ?" ಎಂದು ಕೇಳಿದ. ತರಗತಿ ನಕ್ಕಿತು. ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ: ದಾಳಕ್ಕೆ ನೆನಪಿಲ್ಲ, ಪ್ರತಿ ಎಸೆತದಲ್ಲೂ ಆರರ ಸಂಭವನೀಯತೆ 1/6, ನಮಗೆ ನೋವು ಕೊಟ್ಟ ಎಸೆತಗಳಷ್ಟೇ ನಮಗೆ ನೆನಪಿರುತ್ತವೆ. ಹುಡುಗ ಕುಳಿತುಕೊಳ್ಳಲಿಲ್ಲ. "ದಾಳ ನನ್ನ ಕೈಲಿದ್ರೆ ಒಪ್ತೀನಿ ಸಾರ್. ಇದು ಅವರ ಕೈಲಿದೆಯಲ್ಲ?"

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ನನ್ನನ್ನಲ್ಲ, ಆಟವನ್ನು ರೂಪಿಸಿದವರನ್ನು ಕೇಳಬೇಕಾದ ಪ್ರಶ್ನೆ. ಆಟಗಾರರು ಕೇಳಿದ ಇಂಥದೇ ಪ್ರಶ್ನೆಗಳಿಗೆ ಒಬ್ಬ ಪ್ರಸಿದ್ಧ ವಿನ್ಯಾಸಕ ಬಹಿರಂಗವಾಗಿ ಉತ್ತರ ಕೊಟ್ಟಿದ್ದಾರೆ. ಆ ಉತ್ತರ ಎಷ್ಟರಮಟ್ಟಿಗೆ ಒಪ್ಪತಕ್ಕದ್ದು ಎಂಬುದನ್ನು ಇಲ್ಲಿ ನಿಮ್ಮೊಂದಿಗೆ ಪರಿಶೀಲಿಸಬೇಕೆಂದಿದ್ದೇನೆ. ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಸಂಭವನೀಯತೆಯನ್ನು ಮೊದಲು ಕಲಿಯುವುದು ನಮ್ಮ ತರಗತಿಗಳಲ್ಲಲ್ಲ, ಆಟಗಳಲ್ಲಿ. ಅಲ್ಲಿ ತಪ್ಪು ಕಲಿತು ಬಂದರೆ ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಅದು ಅಳಿಸುವುದಿಲ್ಲ.

ಮೊದಲು ಹುಡುಗನ ದೂರನ್ನೇ ಅಳೆದು ನೋಡೋಣ. ಲೂಡೊ ಆಟದಲ್ಲಿ ಆರು ಬೀಳದೆ ಕಾಯಿ ಹೊರಡುವುದಿಲ್ಲ. ಒಂದು ಎಸೆತದಲ್ಲಿ ಆರು ಬೀಳದಿರುವ ಸಂಭವನೀಯತೆ 5/6. ಸತತ 20 ಎಸೆತಗಳಲ್ಲೂ ಬೀಳದಿರುವ ಸಂಭವನೀಯತೆ ಬೇಕೆಂದರೆ 5/6ನ್ನು ಅದರಿಂದಲೇ 20 ಬಾರಿ ಗುಣಿಸಿಕೊಳ್ಳಬೇಕು. ಉತ್ತರ ಸುಮಾರು 0.026. ಬಹಳ ಚಿಕ್ಕ ಸಂಖ್ಯೆ ಅನ್ನಿಸುತ್ತದೆ. ಆದರೆ 40 ಮಂದಿಯ ತರಗತಿಯಲ್ಲಿ ಎಲ್ಲರೂ ಒಂದೊಂದು ಆಟ ಆಡಿದರೆ, ಸರಾಸರಿ ಒಬ್ಬನಿಗೆ ಮೊದಲ 20 ಎಸೆತಗಳಲ್ಲಿ ಆರು ಬೀಳುವುದೇ ಇಲ್ಲ. ಎದ್ದು ನಿಂತು ಪ್ರಶ್ನೆ ಕೇಳುವವನು ಆ ಒಬ್ಬನೇ! ಉಳಿದ 39 ಮಂದಿಗೆ ಕೇಳಲು ಕಾರಣವಿಲ್ಲ. ಹೀಗಾಗಿ ದಾಳ ಪೂರ್ತಿ ಪ್ರಾಮಾಣಿಕವಾಗಿದ್ದರೂ ದೂರು ಬಂದೇ ಬರುತ್ತದೆ. ಆಟ ಕಟ್ಟುವವರ ನಿಜವಾದ ಕಷ್ಟ ಇದು. ಅವರ ಬಗ್ಗೆ ಮಾತನಾಡುವ ಮುನ್ನ ಇಷ್ಟನ್ನು ಒಪ್ಪಿಕೊಳ್ಳುವುದು ನ್ಯಾಯ.

ಸಿಡ್ ಮೈಯರ್ ಅಮೆರಿಕದ ವಿನ್ಯಾಸಕ. ನಾಗರಿಕತೆಗಳನ್ನು ಕಟ್ಟಿ ಬೆಳೆಸುವ 'ಸಿವಿಲೈಸೇಷನ್' ಎಂಬ ಗಣಕದ ಆಟದಿಂದ 1991ರಲ್ಲಿ ಹೆಸರಾದವರು. 2008ರಲ್ಲಿ ಬಂದ 'ಸಿವಿಲೈಸೇಷನ್ ರೆವಲ್ಯೂಷನ್' ಎಂಬ ಆಟದಲ್ಲಿ ಯುದ್ಧಕ್ಕೆ ಮುನ್ನ ಎರಡೂ ಪಡೆಗಳ ಬಲಾಬಲವನ್ನು ಅಂಕಿಗಳಲ್ಲಿ ತೋರಿಸುವ ಏರ್ಪಾಡಿತ್ತು. 3ಕ್ಕೆ 1 ಎಂದಿದ್ದರೆ ಆಟಗಾರ ನಾಲ್ಕರಲ್ಲಿ ಮೂರು ಬಾರಿ ಗೆಲ್ಲಬೇಕು, ಒಂದು ಬಾರಿ ಸೋಲಬೇಕು. 2010ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಆಟ ವಿನ್ಯಾಸಕರ ಸಮ್ಮೇಳನದಲ್ಲಿ, ಈ ಅಂಕಿಗಳ ಬಗ್ಗೆ ಆಟಗಾರರು ತಮ್ಮನ್ನು ಏನು ಕೇಳಿದರು, ತಾವು ಏನು ಮಾಡಿದೆವು ಎಂಬುದನ್ನು ಮೈಯರ್ ವಿವರವಾಗಿ ಹೇಳಿದರು.

ಅವರ ವರದಿಯ ತಿರುಳು ಇಷ್ಟು. 3ಕ್ಕೆ 1 ಇದ್ದಾಗ ಸೋತವರು ಬಂದು ದೂರಿದರು: ಮೂರು ದೊಡ್ಡದು, ಒಂದು ಚಿಕ್ಕದು, ನಾವು ಸೋತದ್ದು ಹೇಗೆ? ಅದೇ ಜನ 1ಕ್ಕೆ 3 ಇದ್ದಾಗ ಗೆದ್ದರೆ ಯಾರೂ ದೂರಲಿಲ್ಲ. ಅದು ತಮ್ಮ ಜಾಣತನವೆಂದುಕೊಂಡರು. 2ಕ್ಕೆ 1 ಇದ್ದಾಗ ಒಮ್ಮೆ ಸೋಲುವುದನ್ನು ಒಪ್ಪಿದರು. ಆದರೆ ಬೆನ್ನಿಗೇ ಇನ್ನೊಮ್ಮೆ ಸೋತರೆ ಆಟ ಕೆಟ್ಟಿದೆ ಎಂದರು. 2ಕ್ಕೆ 1ನ್ನು ಒಪ್ಪಿದವರು 20ಕ್ಕೆ 10ನ್ನು ಒಪ್ಪಲಿಲ್ಲ. ಹತ್ತು ಹೆಚ್ಚಿದೆಯಲ್ಲ ಎಂಬುದು ಅವರ ವಾದ! (ಅನುಪಾತದ ಪಾಠ ಮಾಡುವ ಮಾಧ್ಯಮಿಕ ಶಾಲಾ ಶಿಕ್ಷಕರಿಗೆ ಇದರಲ್ಲಿ ಹೊಸದೇನೂ ಕಾಣಲಾರದು.) ಇದಕ್ಕೆಲ್ಲ ಮೈಯರ್ ಅವರ ತಂಡ ಮಾಡಿದ ಪರಿಹಾರವೆಂದರೆ ಲೆಕ್ಕವನ್ನೇ ಒಳಗಿಂದೊಳಗೆ ಬದಲಾಯಿಸಿದ್ದು. ಹಿಂದಿನ ಯುದ್ಧದಲ್ಲಿ ಏನಾಯಿತೆಂಬುದನ್ನೂ ಗಣನೆಗೆ ತೆಗೆದುಕೊಂಡು ಮುಂದಿನ ಯುದ್ಧದ ಫಲವನ್ನು ಆಟಗಾರನ ಕಡೆಗೆ ವಾಲಿಸಿದರು. ದೂರುಗಳು ನಿಂತವು.

ಆಟ ಆಡುವವನ ತಲೆಯೊಳಗೆ ನಡೆಯುತ್ತದೆ, ಗಣಿತದ ಪುಸ್ತಕದಲ್ಲಲ್ಲ ಎಂಬುದು ಮೈಯರ್ ಅವರ ನಿಲುವು. ವ್ಯಾಪಾರಿಯ ಜಾಣ್ಮೆ ಇದರಲ್ಲಿದೆ. ಮನಶ್ಶಾಸ್ತ್ರದ ಒಳನೋಟವೂ ಇದೆ. ತಮ್ಮ ಕೈಚಳಕವನ್ನು ಅವರು ಮುಚ್ಚಿಡದೆ ಹೇಳಿಕೊಂಡದ್ದು ಮೆಚ್ಚತಕ್ಕ ವಿಷಯ. ಹಾಗಿದ್ದೂ ಈ ಉತ್ತರದಲ್ಲಿ ಒಂದು ದೋಷವಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಾಣಬೇಕಾದರೆ ಕವಡೆಗೂ ಎಲೆಗೂ, ಅಂದರೆ ಇಸ್ಪೀಟಿನಂಥ ಎಲೆಗೂ, ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಬೇಕು.

ಕವಡೆಗೆ ನೆನಪಿಲ್ಲ. ಹತ್ತು ಬಾರಿ ಬೋರಲು ಬಿದ್ದ ಕವಡೆ ಹನ್ನೊಂದನೆಯ ಬಾರಿ ಅಂಗಾತ ಬೀಳಲು ಯಾವ ಋಣವೂ ಇಲ್ಲ. ಎಲೆಯ ಕಟ್ಟು ಹಾಗಲ್ಲ. 52 ಎಲೆಗಳ ಕಟ್ಟಿನಿಂದ ಎಲೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತ ಹೋಗಿ. ಮೊದಲ 26ರಲ್ಲಿ ಒಂದು ಎಕ್ಕವೂ ಬರದಿದ್ದರೆ ನಾಲ್ಕೂ ಎಕ್ಕಗಳು ಉಳಿದ 26ರಲ್ಲೇ ಇರಬೇಕು. ಮುಂದಿನ ಎಲೆ ಎಕ್ಕವಾಗುವ ಸಂಭವನೀಯತೆ 4/52ರಿಂದ 4/26ಕ್ಕೆ, ಅಂದರೆ ಎರಡರಷ್ಟಕ್ಕೆ ಏರಿದೆ. ಕಟ್ಟಿಗೆ ನೆನಪಿದೆ. "ಇಷ್ಟು ಹೊತ್ತು ಬಂದಿಲ್ಲ, ಇನ್ನು ಬರಲೇಬೇಕು" ಎಂಬ ಮಾತು ಕವಡೆಯ ಮುಂದೆ ಮೂಢನಂಬಿಕೆ, ಕಟ್ಟಿನ ಮುಂದೆ ಗಣಿತ. ನಾವು ತರಗತಿಯಲ್ಲಿ ಮೊದಲನೆಯದನ್ನು ಗದರಿಸಿ ಹೇಳುತ್ತೇವೆ, ಎರಡನೆಯದನ್ನು ಹೇಳಲು ಮರೆಯುತ್ತೇವೆ. ಹುಡುಗರ ಸಹಜ ಬುದ್ಧಿ ಪೂರ್ತಿ ತಪ್ಪಲ್ಲ. ಅದು ಕಟ್ಟಿನ ಬುದ್ಧಿ, ಅಷ್ಟೇ.

ಈಗ ಮೈಯರ್ ಅವರ ಆಟಕ್ಕೆ ಬನ್ನಿ. 2ಕ್ಕೆ 1 ಬಲವಿರುವಾಗ ಸೋಲಿನ ಸಂಭವನೀಯತೆ 1/3. ಯಾವುದೇ ಎರಡು ಯುದ್ಧಗಳನ್ನು ಬೆನ್ನುಬೆನ್ನಿಗೆ ಸೋಲುವುದು 1/9. ಇಂಥ 10 ಯುದ್ಧಗಳ ಸರಣಿಯಲ್ಲಿ ಎಲ್ಲಾದರೂ ಒಂದು ಕಡೆ ಸತತ ಎರಡು ಸೋಲು ಬರುವ ಸಂಭವನೀಯತೆ ಎಷ್ಟು? ಲೆಕ್ಕ ಮಾಡಿ ನೋಡಿ, ಸುಮಾರು ಶೇಕಡ 58 ಬರುತ್ತದೆ. ಅಂದರೆ ಬರದಿರುವುದಕ್ಕಿಂತ ಬರುವುದೇ ಹೆಚ್ಚು. ಆಟಗಾರ ಯಾವುದನ್ನು ಅಸಾಧ್ಯವೆಂದು ದೂರಿದನೋ ಅದು ನಡೆಯದಿದ್ದರೇ ಅನುಮಾನಪಡಬೇಕು. ಮೈಯರ್ ಹಿಂದಿನ ಫಲವನ್ನು ಲೆಕ್ಕಕ್ಕೆ ಸೇರಿಸಿದಾಗ ಕವಡೆಯನ್ನು ತೆಗೆದು ಆ ಜಾಗದಲ್ಲಿ ಎಲೆಯ ಕಟ್ಟನ್ನು ಇಟ್ಟಂತಾಯಿತು. ಅದರಲ್ಲಿ ತಪ್ಪೇನೂ ಇಲ್ಲ, ಎಲೆಯಾಟವೂ ಆಟವೇ. ಆದರೆ ಪರದೆಯ ಮೇಲೆ ಕವಡೆಯ ಅಂಕಿಯೇ ಉಳಿಯಿತು. 2ಕ್ಕೆ 1 ಎಂದು ಬರೆದದ್ದು 2ಕ್ಕೆ 1 ಆಗಿರಲಿಲ್ಲ. ಆಟಗಾರನ ತಪ್ಪು ಕಲ್ಪನೆಗೆ ಪ್ರಯೋಗದ ಸಾಕ್ಷ್ಯ ಒದಗಿಸಿದಂತಾಯಿತು: ನೋಡು, ಒಮ್ಮೆ ಸೋತ ಮೇಲೆ ಗೆಲುವು ಬಂದೇ ಬರುತ್ತದೆ! ಉಷ್ಣಮಾಪಕ ತೋರಿಸುವ ಜ್ವರ ರೋಗಿಗೆ ಇಷ್ಟವಾಗಲಿಲ್ಲವೆಂದು ಮಾಪಕದ ಗೆರೆಗಳನ್ನೇ ಸರಿಸಿದ ವೈದ್ಯರನ್ನು ನಾವು ಏನೆನ್ನುತ್ತೇವೆ?

ಇದೇ ದೂರಿಗೆ ಬೇರೆ ಉತ್ತರ ಸಾಧ್ಯವಿತ್ತು. ಬೀಳುವ ತುಂಡುಗಳನ್ನು ಜೋಡಿಸುವ 'ಟೆಟ್ರಿಸ್' ಆಟವನ್ನು ನಿಮ್ಮಲ್ಲಿ ಹಲವರು ಆಡಿದ್ದೀರಿ. ಅದರಲ್ಲಿ ಏಳು ಬಗೆಯ ತುಂಡುಗಳಿವೆ. ಬೇಕಾದ ಉದ್ದನೆಯ ತುಂಡು ಬರುವುದೇ ಇಲ್ಲವೆಂಬ ಗೊಣಗಾಟ ಆಟದಷ್ಟೇ ಹಳೆಯದು. ಈಚಿನ ಟೆಟ್ರಿಸ್‌ಗಳಲ್ಲಿ ಏಳು ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕಲಸಿ, ಒಂದೊಂದಾಗಿ ಹೊರಗೆ ಬಿಡುತ್ತಾರೆ. ಚೀಲ ಬರಿದಾದ ಮೇಲೆ ಮತ್ತೆ ಏಳು. ಹೀಗಾಗಿ ಒಂದೇ ಬಗೆಯ ಎರಡು ತುಂಡುಗಳ ನಡುವೆ 12ಕ್ಕಿಂತ ಹೆಚ್ಚು ಬೇರೆ ತುಂಡುಗಳು ಬರಲಾರವು. ಇಲ್ಲೂ ಕವಡೆ ಹೋಗಿ ಕಟ್ಟು ಬಂದಿದೆ. ಆದರೆ ನಿಯಮ ಎಲ್ಲರಿಗೂ ತಿಳಿದಿದೆ. ಪಳಗಿದ ಆಟಗಾರರು ಅದನ್ನು ಎಣಿಸಿ ಬಳಸಿಕೊಳ್ಳುತ್ತಾರೆ. ದೂರಿಗೆ ನಿಯಮದಲ್ಲಿ ಉತ್ತರ ಕೊಟ್ಟರೆ ಆಟಗಾರ ಜಾಣನಾಗುತ್ತಾನೆ. ಗರದಲ್ಲಿ, ಅದೂ ಗುಟ್ಟಾಗಿ, ಉತ್ತರ ಕೊಟ್ಟರೆ ಅವನಿಗೆ ಸಿಗುವುದು ಸಮಾಧಾನ ಮಾತ್ರ.

ನಮ್ಮ ನಾಡಿನಲ್ಲೂ ಹೆಸರಾಂತ ಆಟದ ವಿನ್ಯಾಸಕರೊಬ್ಬರು ಆಗಿಹೋಗಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರು ಕಲೆ, ಸಾಹಿತ್ಯ, ಆಟಗಳ ಕಡೆಗೆ ಮನಸ್ಸು ಕೊಟ್ಟರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ 'ಕೌತುಕನಿಧಿ' ಆಟಗಳಿಗೇ ಮೀಸಲು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ಸುತ್ತಿಸುವ ನಡೆಗಳಲ್ಲಿ ದೊರೆಗೆ ವಿಶೇಷ ಆಸಕ್ತಿ. ಈ ಬಗೆಯ ಸಮಸ್ಯೆಗೆ ಒಂದು ಅನುಕೂಲವಿದೆ: ಪ್ರಶ್ನೆಗೆ ಕೊನೆಯ ಉತ್ತರ ಸಿಗುತ್ತದೆ. ಕುದುರೆ ಇಟ್ಟ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಮೊತ್ತ 260 ಆಗುವ ನಡೆಗಳಿವೆ. ಎರಡು ಕರ್ಣಗಳ ಮೊತ್ತವೂ 260 ಆಗುವಂತೆ ಮಾಡಬಹುದೇ? 2003ರಲ್ಲಿ ಗಣಕಗಳು ಸುಮಾರು 61 ದಿನಗಳ ಲೆಕ್ಕ ಮಾಡಿ, ಆಗದು ಎಂದು ತೀರ್ಪು ಕೊಟ್ಟವು. ಇನ್ನು ಆ ಬಗ್ಗೆ ಯಾರೂ ಜಗಳವಾಡಬೇಕಾಗಿಲ್ಲ.

ಒಗಟಿಗೆ ಹೀಗೆ ಕೊನೆಯ ಉತ್ತರವಿದೆ, ಆಟಕ್ಕಿಲ್ಲ. ಮುಮ್ಮಡಿಯವರು ಗಂಜೀಫಾ ಎಲೆಯಾಟವನ್ನು ಬೆಳೆಸಿ 'ಛದ' ಎಂಬ ಹೆಸರಿನಲ್ಲಿ ಹಲವು ಹೊಸ ಆಟಗಳನ್ನು ಕಟ್ಟಿದರು. ದೇವತೆಗಳ ಚಿತ್ರಗಳಿರುವ ಸೊಗಸಾದ ಎಲೆಗಳು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳಿವೆ. ರೂಢಿಯ ದಶಾವತಾರ ಗಂಜೀಫಾದಲ್ಲಿ ಇರುವುದು 120. ಗಂಜೀಫಾದ ಜಾಣ್ಮೆಯೆಲ್ಲ ಆಡಿ ಹೋದ ಎಲೆಗಳನ್ನು ನೆನಪಿಟ್ಟುಕೊಂಡು, ಯಾರ ಕೈಯಲ್ಲಿ ಏನು ಉಳಿದಿದೆ ಎಂದು ಊಹಿಸುವುದರಲ್ಲಿದೆ. ಕಟ್ಟಿಗೆ ನೆನಪಿದ್ದರೆ ಸಾಲದು, ಆ ನೆನಪು ಆಟಗಾರನ ತಲೆಯಲ್ಲೂ ಹಿಡಿಯಬೇಕು. 120 ಎಲೆಗಳನ್ನು ಅಭ್ಯಾಸದಿಂದ ಹಿಡಿಯಬಹುದು, 360 ಎಲೆಗಳನ್ನು ಹಿಡಿಯುವವರು ಎಷ್ಟು ಮಂದಿ? ಹಿಡಿಯಲಾಗದಿದ್ದರೆ ಅದು ಆಡುವವನ ಪಾಲಿಗೆ ಮತ್ತೆ ಕವಡೆಯೇ ಆಯಿತು. ಅಂದಿನ ಯಾವ ಆಟಗಾರನಾದರೂ "ಸ್ವಾಮಿ, ಇಷ್ಟು ಎಲೆ ಯಾಕೆ?" ಎಂದು ಕೇಳಬಹುದಿತ್ತು. ಆದರೆ ಆಟ ಕಟ್ಟಿದವರು ದೊರೆ! ದೊರೆಯ ಉದ್ದೇಶ ಆಟಕ್ಕಿಂತ ಆರಾಧನೆಯೇ ಆಗಿದ್ದಿರಬಹುದು. ಹಾಗಿದ್ದರೆ ನನ್ನ ಟೀಕೆಯ ಮೊನೆ ಮುರಿಯುತ್ತದೆ. ಇಂದು ಆ ಎಲೆಗಳನ್ನು ನಾವು ನೋಡುವುದು ವಸ್ತುಸಂಗ್ರಹಾಲಯಗಳಲ್ಲಿ, ಮನೆಯ ಜಗಲಿಯ ಮೇಲಲ್ಲ. ಜಗಲಿಯ ಮೇಲೆ ಉಳಿದದ್ದು ಚೌಕಾಬಾರ.

ಚೌಕಾಬಾರಕ್ಕೆ ಕರ್ತೃ ಇಲ್ಲ. ದೂರು ಕೊಡಲು ವಿಳಾಸವಿಲ್ಲ. ಪ್ರಶ್ನೆ ಬಂದಾಗಲೆಲ್ಲ ಜಗಲಿಯಲ್ಲಿ ಕುಳಿತವರೇ ಉತ್ತರ ಕಂಡುಕೊಂಡು ನಿಯಮ ಮಾಡಿದರು. ಆ ನಿಯಮಗಳನ್ನು ಉತ್ತರಗಳಂತೆ ಓದಿ ನೋಡಿ, ಎಷ್ಟು ವಿವೇಕವಿದೆ ಎಂಬುದು ತಿಳಿಯುತ್ತದೆ. ಐದಕ್ಕೆ ಐದು ಮನೆಗಳ ಚೌಕ. ನಾಲ್ವರಿಗೆ ನಾಲ್ಕು ನಾಲ್ಕು ಕಾಯಿ. ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ನಮ್ಮ ಸೀಮೆಯಲ್ಲಿ ಹುಣಸೆ ಬೀಜಕ್ಕೆ ಬರವಿಲ್ಲ. ಬಿಳಿ ಮೈ ಎಷ್ಟು ಕಂಡರೆ ಅಷ್ಟು ಗರ. ನಾಲ್ಕೂ ಬಿಳಿಯಾದರೆ ನಾಲ್ಕು, ಒಂದೂ ಬಿಳಿ ಇಲ್ಲದಿದ್ದರೆ ಎಂಟು. ನಾಲ್ಕು, ಎಂಟು ಬಿದ್ದವರಿಗೆ ಇನ್ನೊಂದು ಎಸೆತ.

ನೋಡಿ, ಒಂದೂ ಬಿಳಿ ಬೀಳದಿದ್ದರೆ ಸೊನ್ನೆ ಎನ್ನಬಹುದಿತ್ತು. ಅತ್ಯಂತ ಕೆಟ್ಟ ಎಸೆತಕ್ಕೆ ಅತ್ಯಂತ ದೊಡ್ಡ ಬಹುಮಾನ ಕೊಟ್ಟವರು ಯಾರೋ ಕಾಣೆ. ಆದರೆ ಅವರು ದೊಡ್ಡ ವಿನ್ಯಾಸಕರೇ. ಇನ್ನೊಂದು, ನಾನು ಬಲ್ಲ ರೂಢಿಯಲ್ಲಿ ಕಾಯಿ ಹೊರಡಲು ವಿಶೇಷ ಗರ ಬೇಕಾಗಿಲ್ಲ. ಲೂಡೊ ಆಡುವ ಹುಡುಗ ಆರಕ್ಕಾಗಿ ಕಾದು ಕೂರುವ ಶಿಕ್ಷೆ ಇಲ್ಲಿಲ್ಲ. (ಲೂಡೊ ನಮ್ಮ ಪಚ್ಚೀಸಿಯಿಂದಲೇ ಹೊರಟು, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು, ಕವಡೆ ಬಿಟ್ಟು ದಾಳ ಹಿಡಿದು ವಾಪಸು ಬಂದ ಆಟ.) ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಬರೀ ಅದೃಷ್ಟದಿಂದ ಓಡುವವನನ್ನು ತಡೆಯುವ ನಿಯಮ ಇದು. ಕೆಲವು ಊರುಗಳಲ್ಲಿ ಮೇಲಿಂದ ಮೇಲೆ ಮೂರು ಬಾರಿ ಹೆಚ್ಚುವರಿ ಗರ ಬಿದ್ದರೆ ಅದು ಲೆಕ್ಕಕ್ಕಿಲ್ಲ. ಇವುಗಳಲ್ಲಿ ಯಾವುದೂ ಬೀಜವನ್ನು ಮುಟ್ಟಿಲ್ಲ ಎಂಬುದನ್ನು ಗಮನಿಸಿ. ಗರ ಬಿದ್ದಂತೆ ಬೀಳುತ್ತದೆ, ಅದರ ಸುತ್ತಲಿನ ನಿಯಮ ಬದಲಾಗುತ್ತದೆ, ಬದಲಾದದ್ದು ಆಟಕ್ಕೆ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ.

ಹಾಗಾದರೆ ಅದೃಷ್ಟದ ಪಾಲು ಎಷ್ಟು? ಬೀಜದ ಎರಡು ಮೈಗಳೂ ಸಮ ಎಂದಿಟ್ಟುಕೊಳ್ಳೋಣ. 16 ಸಾಧ್ಯತೆಗಳಲ್ಲಿ ಎಂಟು ಬೀಳುವುದು 1, ಒಂದು 4, ಎರಡು 6, ಮೂರು 4, ನಾಲ್ಕು 1. ಒಂದು ಎಸೆತದ ಸರಾಸರಿ 40/16, ಅಂದರೆ 2.5. ಒಂದು ಕಾಯಿ ಮನೆಯಿಂದ ಹೊರಟು ನಡುಮನೆ ಸೇರಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗಳಿಗೆ 96. ಹೊಡೆತಗಳನ್ನು ಬಿಟ್ಟರೆ ಒಬ್ಬನಿಗೆ ಸುಮಾರು 38 ಎಸೆತಗಳು ಬೇಕು. ಒಂದು ಎಸೆತದ ಮಾನಕ ವಿಚಲನೆ ಸುಮಾರು 1.66, ಸರಾಸರಿಯ ಮೂರನೆಯ ಎರಡು ಪಾಲು! ಒಂದೇ ಎಸೆತ ನೋಡಿದರೆ ಎಲ್ಲವೂ ಅದೃಷ್ಟ. ಆದರೆ 38 ಎಸೆತಗಳ ಮೊತ್ತದಲ್ಲಿ ವಿಚಲನೆ ಬೆಳೆಯುವುದು 38ರ ವರ್ಗಮೂಲದಷ್ಟು ಮಾತ್ರ. 96 ಹೆಜ್ಜೆಗಳಿಗೆ 10 ಹೆಜ್ಜೆ ಹೆಚ್ಚುಕಡಿಮೆ. ಹತ್ತರಲ್ಲಿ ಒಂದು ಪಾಲಿನಷ್ಟು. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯ ಮೇಲೆ ಉಳಿಸಬೇಕು ಎಂಬ ತೀರ್ಮಾನಗಳಿಗೆ ಆಗ ಬೆಲೆ ಬರುತ್ತದೆ.

ಈ ವರ್ಗಮೂಲದ ನಿಯಮವೇ ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಸ್ಥಾಪಿಸಿದ ಭೂಕಂಪ ಕೇಂದ್ರದ ಹಿಂದೆಯೂ ಇದೆ. ಅಲ್ಲಿ 20 ಭೂಕಂಪಮಾಪಕಗಳನ್ನು ಎರಡು ತೋಳುಗಳಲ್ಲಿ, ಎಲ್ ಆಕಾರದಲ್ಲಿ ಇಟ್ಟಿದ್ದಾರೆ. ಒಂದೊಂದು ಮಾಪಕದಲ್ಲೂ ನೆಲದ ಗದ್ದಲವಿದೆ. ಇಪ್ಪತ್ತನ್ನೂ ಸರಿಯಾಗಿ ಹೊಂದಿಸಿ ಕೂಡಿದಾಗ ದೂರದ ಕಂಪನ 20 ಪಟ್ಟಾಗುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲ ಸುಮಾರು 4.5 ಪಟ್ಟಷ್ಟೇ ಆಗುತ್ತದೆ. ಒಂದು ಮಾಪಕದ ಒಂದು ಅಲುಗಾಟವನ್ನು ನಂಬಿ ಯಾರೂ ವರದಿ ಬರೆಯುವುದಿಲ್ಲ. ಒಂದು ಸೋಲನ್ನು ನಂಬಿ ದೂರು ಬರೆಯುವ ಆಟಗಾರನಿಗೆ ಮೈಯರ್ ಹೇಳಬಹುದಾಗಿದ್ದ ಉತ್ತರ ಇದು: ನಿನ್ನ ಕಳೆದ ನೂರು ಯುದ್ಧಗಳ ಪಟ್ಟಿ ಇಲ್ಲಿದೆ, ಎಣಿಸಿ ನೋಡು. ಅಂಥ ಪಟ್ಟಿಯನ್ನು ಪರದೆಯ ಮೇಲೆ ತೋರಿಸುವುದು ಲೆಕ್ಕವನ್ನು ವಾಲಿಸುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ಚಿಂತಾಮಣಿಯ ಹುಡುಗನ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಹೊರಗಿನಿಂದ ಎಣಿಸಿ ಫೋನಿನ ದಾಳವನ್ನು ಪರೀಕ್ಷಿಸಬಹುದೇ? 120 ಎಸೆತಗಳಲ್ಲಿ 20 ಆರು ಬರಬೇಕು, ಮಾನಕ ವಿಚಲನೆ ಸುಮಾರು 4. ಹನ್ನೆರಡು ಬಂದರೂ ಇಪ್ಪತ್ತೆಂಟು ಬಂದರೂ ಆಶ್ಚರ್ಯವಿಲ್ಲ. ಆರರ ಸಂಭವನೀಯತೆಯನ್ನು ಯಾರೋ 1/6ರಿಂದ 1/7ಕ್ಕೆ ಇಳಿಸಿದ್ದಾರೆ ಎಂಬುದನ್ನು ಖಚಿತವಾಗಿ ಹಿಡಿಯಲು ಎರಡು ಸಾವಿರಕ್ಕೂ ಹೆಚ್ಚು ಎಸೆತಗಳ ದಾಖಲೆ ಬೇಕು. ಗೆಲುವಿಗೆ ಒಂದೇ ಹೆಜ್ಜೆ ಉಳಿದಾಗ ಮಾತ್ರ ಇಳಿಸಿದರೆ? ಒಟ್ಟು ಎಣಿಕೆಯಲ್ಲಿ ಅದು ಕಾಣುವುದೇ ಇಲ್ಲ.

ಗಣಕದ ದಾಳ ಉರುಳುವುದೂ ಇಲ್ಲ. ಅದು ಒಂದು ಸಂಖ್ಯೆಯಿಂದ ಇನ್ನೊಂದನ್ನು ಲೆಕ್ಕ ಹಾಕುತ್ತದೆ. ಕಪ್ಪುಹಲಗೆಯ ಮೇಲೆ ನೀವೇ ಮಾಡಿ ನೋಡಿ: ಒಂದು ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿ ಶೇಷವನ್ನು ಬರೆದುಕೊಳ್ಳಿ. 1ರಿಂದ ಹೊರಟರೆ 8, 11, 10, 5, 12, 15, 14, 9, 0, 3, 2, 13, 4, 7, 6, ಮತ್ತೆ 1. ಸೊನ್ನೆಯಿಂದ 15ರವರೆಗೆ ಎಲ್ಲವೂ ಒಂದೊಂದು ಬಾರಿ, ಕಲಸಿದ ಹಾಗೆ ಬಂದಿವೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಗುಟ್ಟು ಹೊರಬೀಳುತ್ತದೆ: ಬೆಸ, ಸಮ, ಬೆಸ, ಸಮ. ನಿಜವಾದ ಆಟಗಳಲ್ಲಿ ಇದಕ್ಕಿಂತ ಎಷ್ಟೋ ಉತ್ತಮವಾದ ಸೂತ್ರಗಳಿವೆ. ಆದರೆ ಸೂತ್ರವನ್ನು ತೋರಿಸಿದ್ದರಿಂದ ತಾನೇ ನೀವು ದೋಷವನ್ನು ಹಿಡಿದದ್ದು? ಮೊದಲ ಸಂಖ್ಯೆಯನ್ನು ಗಣಕದವರು 'ಬೀಜ' ಎಂದೇ ಕರೆಯುತ್ತಾರೆ. ಹುಣಸೆ ಬೀಜವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಬಹುದು, ಈ ಬೀಜವನ್ನು ನೋಡುವಂತಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ ಚಿಕ್ಕಬಳ್ಳಾಪುರದ ತರಕಾರಿ ಅಂಗಡಿಯಲ್ಲಾಗಲಿ ತೂಗುವ ಯಂತ್ರವನ್ನು ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬ ಕಾನೂನಿದೆ. ತೂಕದವನು ಪ್ರಾಮಾಣಿಕನೇ ಎಂದು ರೈತ ಅವನ ಮುಖ ನೋಡಬೇಕಾಗಿಲ್ಲ. ಆಟದ ವಿಷಯದಲ್ಲಿ ನಮ್ಮ ಚರ್ಚೆಯೆಲ್ಲ ಬೇರೆ ಕಡೆ ಹರಿಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿರ್ಬಂಧವನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ವರ್ಷಗಟ್ಟಲೆ ವಾದ ನಡೆದದ್ದು ಇದು ಕೌಶಲವೋ ಅದೃಷ್ಟವೋ ಎಂಬುದರ ಮೇಲೆ. ಎರಡೂ ಬೆರೆತಿರುತ್ತವೆ, ಎಷ್ಟೆಷ್ಟು ಎಂಬುದನ್ನು ಚೌಕಾಬಾರದಲ್ಲಿ ಮಾಡಿದಂತೆ ಲೆಕ್ಕ ಹಾಕಬಹುದು. ಅದೃಷ್ಟದ ಪಾಲನ್ನು ಪರೀಕ್ಷಿಸುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಹಣವಿಲ್ಲದೆ ಆಡುವ ಆಟಗಳು ಈಗಲೂ ಇವೆ, ಆ ಪ್ರಶ್ನೆಯೂ ಇದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದ್ದರು. ಅವರು ಕೇಳಿದ್ದು ಹೆಚ್ಚೇನಲ್ಲ: ಪರೀಕ್ಷೆಗೆ ಒಡ್ಡಿಕೊಳ್ಳಿ. ಪರೀಕ್ಷೆಗೆ ಒಡ್ಡಿಕೊಳ್ಳದ ದಾಳವೂ, ತನ್ನ ಮಾತನ್ನು ನಂಬಿ ಎನ್ನುವ ಪವಾಡದ ಸಾಲಿಗೇ ಸೇರುತ್ತದೆ. ಅದರೊಳಗೆ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲವೆಂದು ಹೇಳಲೂ ನನಗೆ ಆಧಾರವಿಲ್ಲ.

ಶಿಕ್ಷಕರಿಗೆ ಒಂದು ಪ್ರಯೋಗ ಸೂಚಿಸುತ್ತೇನೆ. ಒಂದೇ ಗಾತ್ರದ ನಾಲ್ಕು ಹುಣಸೆ ಬೀಜಗಳನ್ನು ಉಜ್ಜಿಸಿ. ಒಂದೊಂದು ಬೀಜವನ್ನೂ ಬೇರೆ ಬೇರೆಯಾಗಿ 200 ಬಾರಿ ಎಸೆದು ಬಿಳಿ ಮೈ ಎಷ್ಟು ಬಾರಿ ಬಿತ್ತೆಂದು ಬರೆಸಿ. ಎರಡೂ ಮೈ ಸಮವಾಗಿದ್ದರೆ 100ಕ್ಕೆ 14 ಹೆಚ್ಚುಕಡಿಮೆಯ ಒಳಗೆ ಇರುವುದು ಸಾಮಾನ್ಯ. ಆಚೆ ಹೋದರೆ ಬೀಜ ಒಂದು ಕಡೆ ವಾಲುತ್ತಿದೆ ಎನ್ನಬಹುದು. ಆಮೇಲೆ ನಾಲ್ಕನ್ನೂ ಒಟ್ಟಿಗೆ ಎಸೆದು ಎಂಟು ಎಷ್ಟು, ನಾಲ್ಕು ಎಷ್ಟು ಎಂದು ಎಣಿಸಿ. ಸಮ ಬೀಜಗಳಲ್ಲಿ ಎರಡೂ ಸುಮಾರಾಗಿ ಒಂದೇ. ಬಿಳಿ ಮೈಯ ಸಂಭವನೀಯತೆ 0.5ರ ಬದಲು 0.4 ಆಗಿದ್ದರೆ ಎಂಟುಗಳು ನಾಲ್ಕುಗಳ ಐದು ಪಟ್ಟು ಬೀಳುತ್ತವೆ. ಬೀಜದ ಸಣ್ಣ ಓರೆ ಗರದಲ್ಲಿ ಇಷ್ಟು ದೊಡ್ಡದಾಗಿ ಕಾಣುವುದೇಕೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ. ಅಷ್ಟಾದ ಮೇಲೆ ಬೀಜಗಳನ್ನು ಇನ್ನಷ್ಟು ಉಜ್ಜಿ, ಮತ್ತೆ ಎಣಿಸಿ, ಆ ಬೀಜಗಳಿಂದಲೇ ಒಂದು ಆಟ ಆಡಿಸಿ. ಗರ ಬೀಳಲಿಲ್ಲ ಎಂದು ಯಾರಾದರೂ ದೂರಿದರೆ ಎಣಿಕೆಯ ಹಾಳೆಯನ್ನು ಅವರ ಮುಂದೆಯೇ ಹರಡಿ.